ಬೆರೆತ ಅನಿಲ, ಬೆರೆತ ದ್ರವ: ಸಿಮ್ಯುಲೇಷನ್‌ಗೆ ಯಾವ ಮಾಡೆಲ್ ಆರಿಸಬೇಕು?

ಬಯೋಗ್ಯಾಸ್ ಬರ್ನರ್ ಒಂದರ ಸಿಎಫ್‌ಡಿ, ಅಂದರೆ ಹರಿವಿನ ಕಂಪ್ಯೂಟರ್ ಸಿಮ್ಯುಲೇಷನ್, ಮಾಡಬೇಕಿದೆ ಎಂದುಕೊಳ್ಳಿ. ಲ್ಯಾಬ್ ವರದಿಯಲ್ಲಿ ಮೀಥೇನ್ ಶೇ 60, ಕಾರ್ಬನ್ ಡೈಆಕ್ಸೈಡ್ ಶೇ 40 ಎಂದಿದೆ. ಇನ್‌ಲೆಟ್‌ನ ಖಾನೆಯಲ್ಲಿ 0.6 ಎಂದು ತುಂಬಿ ರನ್ ಕೊಡುತ್ತೀರಿ. ಸಮೀಕರಣ ಬಿಡಿಸುವ ಸಾಲ್ವರ್ ತಕರಾರಿಲ್ಲದೆ ಓಡುತ್ತದೆ, ಸಮೀಕರಣದಲ್ಲಿ ಉಳಿದ ತಪ್ಪಿನ ಅಳತೆಯಾದ ರೆಸಿಡ್ಯುಯಲ್ ನೀಟಾಗಿ ಇಳಿಯುತ್ತದೆ, ಬಣ್ಣದ ಚಿತ್ರವೂ ಚೆನ್ನಾಗಿ ಬರುತ್ತದೆ. ಆದರೆ ಲ್ಯಾಬ್ ಹೇಳಿದ ಶೇ 60 ಗಾತ್ರದ ಲೆಕ್ಕ, ಖಾನೆ ಕೇಳಿದ್ದು ದ್ರವ್ಯರಾಶಿಯ ಪಾಲು. ಮೀಥೇನ್‌ನ ಅಣುತೂಕ 16, ಕಾರ್ಬನ್ ಡೈಆಕ್ಸೈಡ್‌ನದು 44. ಲೆಕ್ಕ ಹಾಕಿದರೆ ಅಲ್ಲಿ ತುಂಬಬೇಕಿದ್ದ ಅಂಕಿ 0.353. ನೀವು 0.6 ತುಂಬಿದಾಗ ಒಳಗೆ ಹೋದದ್ದು ಗಾತ್ರದಲ್ಲಿ ಶೇ 80ರಷ್ಟು ಮೀಥೇನ್ ಇರುವ, ಬೇರೆಯದೇ ಆದ ಅನಿಲ.

ಮಿಶ್ರಣಗಳ ಸಿಮ್ಯುಲೇಷನ್ ಹೀಗೆಯೇ ಕೈಕೊಡುವುದು. ಎರರ್ ಮೆಸೇಜ್ ಬರುವುದಿಲ್ಲ, ಉತ್ತರ ಮಾತ್ರ ತಪ್ಪಿರುತ್ತದೆ. ಸಿಎಫ್‌ಡಿ ಸಾಫ್ಟ್‌ವೇರ್‌ಗಳಲ್ಲಿ ಫ್ಲುಯೆಂಟ್ ಒಳ್ಳೆಯದೋ ಓಪನ್‌ಫೋಮ್ ಒಳ್ಳೆಯದೋ ಎಂಬ ಚರ್ಚೆಗೆ ಎಲ್ಲರಿಗೂ ಸಮಯವಿದೆ. ಫಲಿತಾಂಶವನ್ನು ನಿಜವಾಗಿ ತೀರ್ಮಾನಿಸುವುದು ಬೇರೆ ಮೂರು ಪ್ರಶ್ನೆಗಳು ಎಂಬುದು ನನ್ನ ಖಚಿತ ಅಭಿಪ್ರಾಯ. ಘಟಕಗಳು ಅಣುಮಟ್ಟದಲ್ಲಿ ಬೆರೆತಿವೆಯೇ? ಬೆರೆತದ್ದರಿಂದ ಹರಿವೇ ಬದಲಾಗುತ್ತದೆಯೇ? ಬೆರೆಸುವ ಕೆಲಸ ಮಾಡುತ್ತಿರುವುದು ಅಣುಗಳ ಚಲನೆಯೋ, ಟರ್ಬ್ಯುಲೆನ್ಸೋ (ಸುಳಿಗಳ ಕಲಕಾಟವೋ)? ಇವಕ್ಕೆ ಉತ್ತರ ಸಿಕ್ಕರೆ ಮಾಡೆಲ್ ಮುಕ್ಕಾಲು ಭಾಗ ಆರಿಸಿದಂತೆಯೇ. ಸಾಫ್ಟ್‌ವೇರಿನ ಮಾತು ಆಮೇಲೆ.

ಸ್ಪೀಷೀಸ್ ಮಾಡೆಲ್ಲೋ, ಮಲ್ಟಿಫೇಸ್ ಮಾಡೆಲ್ಲೋ

ಗಾಳಿಯಲ್ಲಿ ಎಲ್‌ಪಿಜಿ, ನೀರಿನಲ್ಲಿ ಎಥನಾಲ್, ನೀರಿನಲ್ಲಿ ಉಪ್ಪು. ಇಲ್ಲೆಲ್ಲ ಘಟಕಗಳ ನಡುವೆ ಗೆರೆ ಎಳೆಯಲು ಬರುವುದಿಲ್ಲ. ಒಂದು ಬಿಂದುವಿನಲ್ಲಿ ಇಡೀ ಮಿಶ್ರಣಕ್ಕೆ ಒಂದೇ ಒತ್ತಡ, ಒಂದೇ ಉಷ್ಣಾಂಶ, ಒಂದೇ ಸರಾಸರಿ ವೇಗ. ಯಾರ ಪಾಲು ಎಷ್ಟು ಎಂಬುದಷ್ಟೇ ಜಾಗದಿಂದ ಜಾಗಕ್ಕೆ ಬೇರೆ. ಇದು ಸ್ಪೀಷೀಸ್ ಟ್ರಾನ್ಸ್‌ಪೋರ್ಟ್‌ನ, ಅಂದರೆ ಘಟಕಗಳ ಪಾಲಿಗೆ ಸಮೀಕರಣ ಬಿಡಿಸುವ ಮಾಡೆಲ್‌ನ, ಕ್ಷೇತ್ರ. ನೀರು ಮತ್ತು ಎಣ್ಣೆ, ನೀರು ಮತ್ತು ಗಾಳಿಗುಳ್ಳೆ ಹಾಗಲ್ಲ. ನಡುವೆ ಮೇಲ್ಮೈ ಇದೆ, ಅದಕ್ಕೆ ಸರ್ಫೇಸ್ ಟೆನ್ಷನ್ ಇದೆ. ಅದು ಮಲ್ಟಿಫೇಸ್. ಮೇಲ್ಮೈಯ ಆಕಾರವೇ ಮುಖ್ಯವಾದರೆ ವಿಒಎಫ್ (ವಾಲ್ಯೂಮ್ ಆಫ್ ಫ್ಲೂಯಿಡ್), ಸಾವಿರಾರು ಗುಳ್ಳೆ ಅಥವಾ ಹನಿಗಳ ಗುಂಪಾದರೆ ಯೂಲೇರಿಯನ್ ಅಥವಾ ಮಿಕ್ಸ್ಚರ್ ಮಾಡೆಲ್.

ಎರಡು ಅನಿಲಗಳ ಬೆರಕೆಗೆ ವಿಒಎಫ್ ಹಾಕುವವರು ಇಂದಿಗೂ ಬಹಳ ಜನ. ‘ಎರಡು ಫ್ಲೂಯಿಡ್ ಇವೆ, ಹಾಗಾಗಿ ಮಲ್ಟಿಫೇಸ್’ ಎಂಬುದು ಅವರ ತರ್ಕ. 1981ರಲ್ಲಿ ಹರ್ಟ್ ಮತ್ತು ನಿಕೋಲ್ಸ್ ವಿಒಎಫ್ ರೂಪಿಸಿದ್ದೇ ಮೇಲ್ಮೈಯ ಬೆನ್ನುಹತ್ತಲು. ಇಂದಿನ ವಿಒಎಫ್ ಸಾಲ್ವರ್‌ಗಳು ಆ ಗೆರೆ ಮಸುಕಾಗದಂತೆ ಅದನ್ನು ಬಿಗಿಹಿಡಿಯುತ್ತವೆ. ಪ್ರಕೃತಿ ಬೆರೆಸುತ್ತಿರುವುದನ್ನು ಸಾಲ್ವರ್ ಬೇರ್ಪಡಿಸುತ್ತಾ ಕೂತರೆ ಉತ್ತರ ಎಲ್ಲಿಂದ ಸರಿಬರಬೇಕು? ಅನಿಲಗಳು ಒಂದರೊಳಗೊಂದು ಬೆರೆಯುವಲ್ಲಿ ವಿಒಎಫ್ ಬೇಡವೇ ಬೇಡ. ಪರಸ್ಪರ ಕರಗುವ ಎರಡು ದ್ರವಗಳಿಗೆ ಓಪನ್‌ಫೋಮ್‌ನಲ್ಲಿ ಟೂಲಿಕ್ವಿಡ್‌ಮಿಕ್ಸಿಂಗ್‌ಫೋಮ್ ಎಂಬ ಪ್ರತ್ಯೇಕ ಸಾಲ್ವರ್ ಬಂದದ್ದು ಇದೇ ಕಾರಣಕ್ಕೆ.

ಕೆಲವು ಮಿಶ್ರಣಗಳು ಮಾತ್ರ ಗಡಿಯಲ್ಲಿ ನಿಂತಿರುತ್ತವೆ. ಎಥನಾಲ್ ಬೆರೆಸಿದ ಪೆಟ್ರೋಲ್ ಒಂದೇ ದ್ರವದಂತೆ ಇರುತ್ತದೆ. ಅದಕ್ಕೆ ಸಾಕಷ್ಟು ನೀರು ಸೇರಿತೆಂದರೆ ನೀರು ಎಥನಾಲನ್ನು ಎಳೆದುಕೊಂಡು ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ. ಬರೀ ಸ್ಪೀಷೀಸ್ ಮಾಡೆಲ್‌ಗೆ ಈ ಬೇರ್ಪಡುವಿಕೆ ಗೊತ್ತೇ ಆಗುವುದಿಲ್ಲ. ಮೂರನ್ನೂ ಸಮನಾಗಿ ಬೆರೆಸಿ ಕೊಟ್ಟುಬಿಡುತ್ತದೆ. ಅಲ್ಲಿ ಮೊದಲು ಎನ್‌ಆರ್‌ಟಿಎಲ್ ಅಥವಾ ಯೂನಿಫ್ಯಾಕ್‌ನಂಥ ಆ್ಯಕ್ಟಿವಿಟಿ ಮಾಡೆಲ್‌ನಿಂದ ‘ಇದು ಒಂದೇ ಫೇಸ್ ಆಗಿ ಉಳಿಯುತ್ತದೆಯೇ’ ಎಂದು ನೋಡಿಕೊಂಡೇ ಸಿಎಫ್‌ಡಿಗೆ ಇಳಿಯಬೇಕು.

ಎರಡೂ ಬೇಕಾಗುವ ಸಂದರ್ಭವೂ ಉಂಟು. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿಯಲ್ಲಿ (ಕೊಳಚೆನೀರು ಶುದ್ಧೀಕರಣ ಘಟಕ) ಇರುವ, ಗಾಳಿ ಊದುವ ಏರೇಷನ್ ಟ್ಯಾಂಕನ್ನೇ ತೆಗೆದುಕೊಳ್ಳಿ. ಗುಳ್ಳೆಗಳು ಮೇಲೇರುವುದಕ್ಕೆ ಯೂಲೇರಿಯನ್ ಮಾಡೆಲ್ ಬೇಕು. ಗುಳ್ಳೆಯಿಂದ ನೀರಿಗೆ ಇಳಿಯುವ ಆಕ್ಸಿಜನ್‌ಗೆ ಎರಡೂ ಫೇಸ್‌ಗಳಲ್ಲಿ ಸ್ಪೀಷೀಸ್ ಸಮೀಕರಣ, ಮೇಲ್ಮೈಯಲ್ಲಿ ಅನಿಲ ಎಷ್ಟು ಕರಗುತ್ತದೆಂದು ಹೇಳುವ ಹೆನ್ರಿ ನಿಯಮ ಬೇಕು. 25 ಡಿಗ್ರಿಯಲ್ಲಿ, ಗಾಳಿಯ ಸಂಪರ್ಕದಲ್ಲಿರುವ ಒಂದು ಲೀಟರ್ ಶುದ್ಧ ನೀರು ಹಿಡಿದಿಟ್ಟುಕೊಳ್ಳುವ ಆಕ್ಸಿಜನ್ ಸುಮಾರು 8 ಮಿಲಿಗ್ರಾಂ ಅಷ್ಟೇ. ಇಷ್ಟು ಕಡಿಮೆ ಆಕ್ಸಿಜನ್ ನೀರಿನ ಸಾಂದ್ರತೆಯನ್ನು ಬದಲಿಸುವ ಮಾತೇ ಇಲ್ಲ. ಹಾಗಾಗಿ ನೀರಿನ ಕಡೆಯ ಲೆಕ್ಕ ಹಗುರವಾಗಿಯೇ ಮುಗಿಯುತ್ತದೆ.

ಪ್ಯಾಸಿವ್ ಸ್ಕೇಲರ್ ಎಲ್ಲಿ ಸಾಕು

ಎಲ್ಲಕ್ಕಿಂತ ಅಗ್ಗದ ಆಯ್ಕೆ ಪ್ಯಾಸಿವ್ ಸ್ಕೇಲರ್. ಹರಿವು ಅದನ್ನು ಹೊತ್ತೊಯ್ಯುತ್ತದೆ, ಅದು ಹರಿವನ್ನು ಮುಟ್ಟುವುದಿಲ್ಲ. ನೀರಿನಲ್ಲಿ ಬಣ್ಣ, ಪೈಪಿನಲ್ಲಿ ಕ್ಲೋರಿನ್, ಟ್ಯಾಂಕಿನಲ್ಲಿ ಟ್ರೇಸರ್ ಇವಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಹರಿವನ್ನು ಒಮ್ಮೆ ಸಾಲ್ವ್ ಮಾಡಿ, ಅದನ್ನು ಹಾಗೇ ಹಿಡಿದಿಟ್ಟು ಸ್ಕೇಲರ್ ಮಾತ್ರ ಓಡಿಸಿದರೆ ಗಂಟೆಗಳ ಕೆಲಸ ನಿಮಿಷಗಳಲ್ಲಿ ಆಗುತ್ತದೆ.

ಅಡುಗೆಮನೆಯ ಎಲ್‌ಪಿಜಿ ಸೋರಿಕೆಗೆ ಇದನ್ನೇ ಬಳಸಬಹುದೇ? ‘ಗಾಳಿಯಲ್ಲಿ ಅನಿಲ ಶೇ 2ಕ್ಕಿಂತ ಕಡಿಮೆ, ಅಷ್ಟು ಅತ್ಯಲ್ಪ ಪ್ರಮಾಣ ಏನು ಮಾಡೀತು’ ಎಂದು ಅನ್ನಿಸುವುದು ಸಹಜ. ಲೆಕ್ಕ ಹಾಕಿ ನೋಡೋಣ. ಎಲ್‌ಪಿಜಿಯ ಮುಖ್ಯ ಘಟಕಗಳಲ್ಲಿ ಒಂದಾದ ಪ್ರೊಪೇನ್ ಹೊತ್ತಿಕೊಳ್ಳುವ ಕೆಳಮಿತಿ ಸುಮಾರು ಶೇ 2.1. ಗಾತ್ರದಲ್ಲಿ ಶೇ 2 ಪ್ರೊಪೇನ್ ಸೇರಿದ ಗಾಳಿಯ ಸಾಂದ್ರತೆ ಶುದ್ಧ ಗಾಳಿಗಿಂತ ಶೇ 1ರಷ್ಟು ಹೆಚ್ಚು. ಗಾಳಿ 3 ಡಿಗ್ರಿ ತಣ್ಣಗಾದರೆ ಎಷ್ಟು ಭಾರವಾಗುತ್ತದೋ ಅಷ್ಟು. ಅರ್ಧ ಮೀಟರ್ ದಪ್ಪದ ಪದರ ಹಾಗೂ ಕಿಟಕಿ ಮುಚ್ಚಿದ ಕೋಣೆಯ ಸೆಕೆಂಡಿಗೆ 0.1 ಮೀಟರ್ ಗಾಳಿ ಇಟ್ಟು ರಿಚರ್ಡ್‌ಸನ್ ಸಂಖ್ಯೆ (ಭಾರದ ಎಳೆತ ಹರಿವಿನ ಬಲಕ್ಕಿಂತ ಎಷ್ಟು ಪಟ್ಟು ಎಂಬ ಅಳತೆ) ತೆಗೆದರೆ ಸುಮಾರು 5 ಬರುತ್ತದೆ. ಅಂದರೆ ಅಲ್ಲಿ ಅನಿಲದ ಭಾರವೇ ಹರಿವನ್ನು ಆಳುತ್ತಿದೆ. ಫ್ಯಾನ್ ಹಾಕಿ ಗಾಳಿಯನ್ನು 2 ಮೀಟರ್ ವೇಗಕ್ಕೆ ತಂದರೆ ಅದೇ ಸಂಖ್ಯೆ 0.0125ಕ್ಕೆ ಇಳಿಯುತ್ತದೆ. ಆಗ ಪ್ಯಾಸಿವ್ ಸ್ಕೇಲರ್ ನಡೆದೀತು. ಅದೂ ಸೋರಿಕೆಯ ಬಾಯಿಯಿಂದ ದೂರದಲ್ಲಿ ಮಾತ್ರ. ಬಾಯಿಯಲ್ಲಿ ಹೊರಬರುವುದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರದ ಶುದ್ಧ ಅನಿಲ. ಅದು ನೇರ ನೆಲಕ್ಕೆ ಇಳಿದು ಹರಡುತ್ತದೆ. ಜನರ ಜೀವಕ್ಕೆ ಸಂಬಂಧಿಸಿದ ಲೆಕ್ಕದಲ್ಲಿ, ಗ್ಯಾಸ್ ಡಿಟೆಕ್ಟರನ್ನು ಎಷ್ಟು ಎತ್ತರದಲ್ಲಿ ಇಡಬೇಕು ಎಂದು ತೀರ್ಮಾನಿಸುವಾಗ, ಈ ಭಾರವನ್ನು ಬಿಟ್ಟ ಮಾಡೆಲ್ ಅಪಾಯಕಾರಿ.

ಸ್ಪೀಷೀಸ್ ಟ್ರಾನ್ಸ್‌ಪೋರ್ಟ್ ಆರಿಸಿದ ಮೇಲೆ

ಹೆಚ್ಚಿನವರು ಬಂದು ನಿಲ್ಲುವುದು ಇಲ್ಲಿಗೇ. ನಿಜವಾದ ಆಯ್ಕೆಗಳು ಶುರುವಾಗುವುದೂ ಇಲ್ಲಿಂದಲೇ.

ಐದು ಘಟಕಗಳಿದ್ದರೆ ಸಾಫ್ಟ್‌ವೇರ್ ನಾಲ್ಕಕ್ಕೆ ಮಾತ್ರ ಸಮೀಕರಣ ಬಿಡಿಸುತ್ತದೆ. ಐದನೆಯದು ಒಂದರಿಂದ ಉಳಿದವನ್ನು ಕಳೆದಾಗ ಸಿಗುವ ಶೇಷ. ಲೆಕ್ಕದ ಎಲ್ಲ ಚಿಲ್ಲರೆ ದೋಷಗಳೂ ಆ ಶೇಷದ ತಲೆಗೇ ಬೀಳುತ್ತವೆ. ಹಾಗಾಗಿ ಅತಿ ಹೆಚ್ಚು ಪ್ರಮಾಣದಲ್ಲಿರುವ ಘಟಕವೇ ಆ ಸ್ಥಾನದಲ್ಲಿರಬೇಕು. ಗಾಳಿ ಇರುವಲ್ಲಿ ಅದು ನೈಟ್ರೋಜನ್. ಫ್ಲುಯೆಂಟ್‌ನಲ್ಲಿ ಪಟ್ಟಿಯ ಕೊನೆಯ ಹೆಸರು ಇದು. ಓಪನ್‌ಫೋಮ್‌ನ ಹಳೆಯ ಆವೃತ್ತಿಗಳಲ್ಲಿ ಇನರ್ಟ್‌ಸ್ಪೀಸೀ ಎಂದೂ ಹೊಸದರಲ್ಲಿ ಡೀಫಾಲ್ಟ್‌ಸ್ಪೀಸೀ ಎಂದೂ ಇರುವ ಸಾಲು ಇದು. ಶೇ 0.01 ಇರುವ ಕಾರ್ಬನ್ ಮೋನಾಕ್ಸೈಡ್ ಕೊನೆಯಲ್ಲಿ ಕೂತಿದ್ದರೆ ನೀವು ಓದುವ ಅಂಕಿಗೆ ಬೆಲೆಯೇ ಇಲ್ಲ.

ಮುಂದಿನದು ಗುಣಗಳನ್ನು ಬೆರೆಸುವ ಸೂತ್ರ. ಕಡಿಮೆ ಒತ್ತಡದ ಅನಿಲಗಳಿಗೆ ಐಡಿಯಲ್ ಗ್ಯಾಸ್ ಸೂತ್ರ ಧೈರ್ಯವಾಗಿ ಬಳಸಿ. ಸ್ನಿಗ್ಧತೆಗೆ 1950ರಿಂದ ಬಳಕೆಯಲ್ಲಿರುವ ವಿಲ್ಕೆ ಸೂತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಒತ್ತಡ ಏರಿ ಕ್ರಿಟಿಕಲ್ ಬಿಂದುವಿನ ಹತ್ತಿರ ಹೋದರೆ ಪೆಂಗ್-ರಾಬಿನ್‌ಸನ್‌ನಂಥ ರಿಯಲ್ ಗ್ಯಾಸ್ ಸೂತ್ರಕ್ಕೆ ಬದಲಾಯಿಸಲೇಬೇಕು. ಕಾರ್ಬನ್ ಡೈಆಕ್ಸೈಡ್‌ಗೆ ಆ ಬಿಂದು ಸುಮಾರು 31 ಡಿಗ್ರಿ, 7.38 ಮೆಗಾಪ್ಯಾಸ್ಕಲ್.

ದ್ರವಗಳ ವಿಷಯದಲ್ಲಿ ಈ ನೆಮ್ಮದಿ ಇಲ್ಲ. ನೀರಿನ ಸ್ನಿಗ್ಧತೆ 25 ಡಿಗ್ರಿಯಲ್ಲಿ 0.89 ಮಿಲಿಪ್ಯಾಸ್ಕಲ್-ಸೆಕೆಂಡ್, ಎಥನಾಲ್‌ನದು 1.07. ಇವೆರಡನ್ನು ಹೆಚ್ಚುಕಡಿಮೆ ಅರ್ಧರ್ಧ ಬೆರೆಸಿದರೆ ಎಷ್ಟಾದೀತು? ದ್ರವ್ಯರಾಶಿಯ ಸರಾಸರಿ ತೆಗೆಯುವ ಸೂತ್ರ ಒಂದರ ಆಸುಪಾಸು ಎನ್ನುತ್ತದೆ. ಅಳೆದು ನೋಡಿದರೆ ಸುಮಾರು 2.4. ಎರಡರಲ್ಲಿ ಯಾವುದಕ್ಕಿಂತಲೂ ಮಿಶ್ರಣವೇ ಮಂದ! ಹರಿವು ನಯವೋ ಕಲಕಿದ್ದೋ ಎಂದು ಹೇಳುವ ನಿಮ್ಮ ರೆನಾಲ್ಡ್ಸ್ ಸಂಖ್ಯೆ ಎರಡು ಪಟ್ಟಿಗೂ ಮೀರಿ ತಪ್ಪುತ್ತದೆ. ಲ್ಯಾಮಿನಾರ್ (ನಯ ಹರಿವು) ಎಂದು ಮಾಡಬೇಕಿದ್ದ ಕೇಸನ್ನು ಟರ್ಬ್ಯುಲೆಂಟ್ ಎಂದು ಮಾಡಿಬಿಡಬಹುದು. ಗಾತ್ರವೂ ಹಾಗೆಯೇ: 50 ಮಿ.ಲೀ. ನೀರಿಗೆ 50 ಮಿ.ಲೀ. ಎಥನಾಲ್ ಸೇರಿಸಿದರೆ ಸಿಗುವುದು 96–97 ಮಿ.ಲೀ. ಮಾತ್ರ. ದ್ರವ ಮಿಶ್ರಣಗಳಿಗೆ ನನ್ನ ಸಲಹೆ ಒಂದೇ. ರೆಡಿಮೇಡ್ ಮಿಕ್ಸಿಂಗ್ ಸೂತ್ರ ನಂಬಬೇಡಿ. ಅಳೆದ ಅಂಕಿಗಳ ಟೇಬಲ್ ಹುಡುಕಿ, ಪಾಲಿಗೆ ತಕ್ಕಂತೆ ಬದಲಾಗುವ ಫಂಕ್ಷನ್ ಬರೆದು ಕೊಡಿ.

ಇನ್ನು ವಿಸರಣೆ, ಅಂದರೆ ಡಿಫ್ಯೂಷನ್. ಇಲ್ಲಿ ಆಯ್ಕೆ ಮೂರು: ಎಲ್ಲ ಘಟಕಕ್ಕೂ ಒಂದೇ ಗುಣಾಂಕ, ಘಟಕಕ್ಕೊಂದು ಗುಣಾಂಕ ಕೊಡುವ ಫಿಕ್ ನಿಯಮ, ಎಲ್ಲರೂ ಎಲ್ಲರನ್ನೂ ಎಳೆದಾಡುವ ಮ್ಯಾಕ್ಸ್‌ವೆಲ್-ಸ್ಟೀಫನ್. ಫ್ಲುಯೆಂಟ್‌ನಲ್ಲಿ ಏನನ್ನೂ ಮುಟ್ಟದೆ ಬಿಟ್ಟರೆ ಎಲ್ಲಕ್ಕೂ ಸೆಕೆಂಡಿಗೆ 2.88×10⁻⁵ ಚದರ ಮೀಟರ್ ಎಂಬ ಒಂದೇ ಅಂಕಿ ಇರುತ್ತದೆ. ಗಾಳಿಯಲ್ಲಿ ಹೈಡ್ರೋಜನ್‌ನ ನಿಜವಾದ ಅಂಕಿ ಸುಮಾರು 7.5×10⁻⁵, ಕಾರ್ಬನ್ ಡೈಆಕ್ಸೈಡ್‌ನದು ಸುಮಾರು 1.6×10⁻⁵. ಓಪನ್‌ಫೋಮ್‌ನ ಹಳೆಯ ರಿಯಾಕ್ಟಿಂಗ್‌ಫೋಮ್ ಇನ್ನೂ ಸರಳ. ಸ್ನಿಗ್ಧತೆಯನ್ನೇ ವಿಸರಣೆಯ ಗುಣಾಂಕದ ಜಾಗದಲ್ಲಿ ಇಟ್ಟುಬಿಡುತ್ತದೆ, ಎಂದರೆ ಸ್ನಿಗ್ಧತೆ ಮತ್ತು ವಿಸರಣೆಯ ಅನುಪಾತವಾದ ಸ್ಮಿಟ್ ಸಂಖ್ಯೆ 1. ಹೈಡ್ರೋಜನ್‌ಗೆ ಅದು 0.2ರ ಹತ್ತಿರ ಇರಬೇಕು. ಲ್ಯಾಮಿನಾರ್ ಹರಿವಿನಲ್ಲಿ ನಿಮ್ಮ ಹೈಡ್ರೋಜನ್ ಐದು ಪಟ್ಟು ನಿಧಾನವಾಗಿ ಹರಡುತ್ತಿರುತ್ತದೆ.

ಮ್ಯಾಕ್ಸ್‌ವೆಲ್-ಸ್ಟೀಫನ್ ಯಾವಾಗ ಬೇಕು ಎಂಬುದಕ್ಕೆ 1962ರಲ್ಲಿ ಡಂಕನ್ ಮತ್ತು ಟೂರ್ ಮಾಡಿದ ಪ್ರಯೋಗಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಎರಡು ಗಾಜಿನ ಬುರುಡೆ, ನಡುವೆ ಸಣ್ಣ ಕೊಳವೆ. ಒಂದರಲ್ಲಿ ನೈಟ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಅರ್ಧರ್ಧ, ಇನ್ನೊಂದರಲ್ಲಿ ನೈಟ್ರೋಜನ್ ಮತ್ತು ಹೈಡ್ರೋಜನ್ ಅರ್ಧರ್ಧ. ನೈಟ್ರೋಜನ್ ಎರಡೂ ಕಡೆ ಸಮ. ಫಿಕ್ ನಿಯಮದ ಪ್ರಕಾರ ಅದು ಕದಲಲೇಬಾರದು. ಆದರೆ ಕದಲಿತು, ಅದೂ ಗಣನೀಯವಾಗಿ. ಕಾರ್ಬನ್ ಡೈಆಕ್ಸೈಡ್ ಹೈಡ್ರೋಜನ್ ಬುರುಡೆಯ ಕಡೆಗೆ ಸಾಗುವಾಗ ನೈಟ್ರೋಜನ್ ಅನ್ನೂ ಜೊತೆಗೆ ಎಳೆದುಕೊಂಡು ಹೋಯಿತು. ರಥ ಎಳೆಯುವ ಹೊತ್ತಿನ ನೂಕುನುಗ್ಗಲಲ್ಲಿ ಸುಮ್ಮನೆ ನಿಂತವರೂ ಸರಿದುಹೋಗುವ ಹಾಗೆ. ಹೈಡ್ರೋಜನ್ ಎದುರಿನಿಂದ ಬರುತ್ತಿತ್ತು ನಿಜ. ಆದರೆ ನೈಟ್ರೋಜನ್-ಹೈಡ್ರೋಜನ್ ಜೋಡಿಯ ವಿಸರಣೆ ಗುಣಾಂಕ ಸೆಕೆಂಡಿಗೆ 83.3 ಚದರ ಮಿ.ಮೀ., ನೈಟ್ರೋಜನ್-ಕಾರ್ಬನ್ ಡೈಆಕ್ಸೈಡ್‌ನದು 16.8 ಮಾತ್ರ. ಗುಣಾಂಕ ಕಡಿಮೆ ಎಂದರೆ ಘರ್ಷಣೆ ಹೆಚ್ಚು. ಐದು ಪಟ್ಟು ಹೆಚ್ಚು ಘರ್ಷಣೆ ಇರುವ ಕಡೆ ಎಳೆತ ಗೆದ್ದಿತು.

ನಿಮ್ಮ ಸಾಫ್ಟ್‌ವೇರ್‌ನಲ್ಲಿ ಮ್ಯಾಕ್ಸ್‌ವೆಲ್-ಸ್ಟೀಫನ್ ನಿಜಕ್ಕೂ ಆನ್ ಆಗಿದೆಯೇ ಎಂದು ತಿಳಿಯಲು ಈ ಪ್ರಯೋಗವನ್ನೇ ಒಂದು ಆಯಾಮದಲ್ಲಿ ಓಡಿಸಿ ನೋಡಿ. ನೈಟ್ರೋಜನ್ ಕದಲದಿದ್ದರೆ ಆನ್ ಆಗಿಲ್ಲ. ಫ್ಯುಯೆಲ್ ಸೆಲ್‌ನ ರಂಧ್ರಮಯ ಪದರ, ಮೆಂಬ್ರೇನ್, ಕ್ಯಾಟಲಿಸ್ಟ್ ಕಣದ ಒಳಗು, ಹೈಡ್ರೋಜನ್ ಇರುವ ಲ್ಯಾಮಿನಾರ್ ಹರಿವು ಇಲ್ಲೆಲ್ಲ ಇದು ಬೇಕೇ ಬೇಕು.

ಫ್ಯಾಕ್ಟರಿಯ ಚಿಮಣಿಗೆ, ದೊಡ್ಡ ಡಕ್ಟ್‌ಗೆ ಬೇಡ. ಅಲ್ಲಿ ಟರ್ಬ್ಯುಲೆಂಟ್ ಸ್ನಿಗ್ಧತೆ ಅಣುಮಟ್ಟದ್ದಕ್ಕಿಂತ ನೂರು ಪಟ್ಟು ಇದ್ದರೂ ಸಾಕು, ಅಣುಗಳ ವಿಸರಣೆ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ತಲೆ ಕೆಡಿಸಿಕೊಳ್ಳಬೇಕಾದ್ದು ಟರ್ಬ್ಯುಲೆಂಟ್ ಸ್ಮಿಟ್ ಸಂಖ್ಯೆಗೆ. ಫ್ಲುಯೆಂಟ್‌ನಲ್ಲಿ ಡೀಫಾಲ್ಟ್ 0.7. ಆದರೆ ಹರಿವಿನ ಬಗೆ ನೋಡಿಕೊಂಡು ಸಂಶೋಧಕರು 0.2ರಿಂದ 1.3ರವರೆಗೂ ಬಳಸಿದ್ದಾರೆ. ಎರಡು ಮೂರು ಬೆಲೆ ಇಟ್ಟು ಓಡಿಸಿ, ಉತ್ತರ ಎಷ್ಟು ಅಲುಗಾಡುತ್ತದೆ ಎಂದು ವರದಿಯಲ್ಲಿ ಬರೆಯಿರಿ. ಎಷ್ಟೋ ಪ್ರಾಜೆಕ್ಟ್ ವರದಿಗಳಲ್ಲಿ ಈ ಒಂದು ಪ್ಯಾರಾ ಇರುವುದೇ ಇಲ್ಲ.

ದ್ರವಗಳಲ್ಲಿ ಇನ್ನೊಂದು ಗುಂಡಿ ಇದೆ. ದ್ರವದಲ್ಲಿ ವಿಸರಣೆಯ ಗುಣಾಂಕ ಸೆಕೆಂಡಿಗೆ 10⁻⁹ ಚದರ ಮೀಟರ್‌ನ ಆಸುಪಾಸು, ಸ್ಮಿಟ್ ಸಂಖ್ಯೆ ಸಾವಿರದ ಹತ್ತಿರ. ಸೆಕೆಂಡಿಗೆ 0.1 ಮೀಟರ್ ವೇಗ, 1 ಮಿ.ಮೀ. ಸೆಲ್, ಫಸ್ಟ್ ಆರ್ಡರ್ ಅಪ್‌ವಿಂಡ್ ಎಂಬ ಸರಳ ಲೆಕ್ಕವಿಧಾನ ಇಟ್ಟರೆ ಮೆಶ್ (ಸೆಲ್‌ಗಳ ಜಾಲ) ತಾನೇ ಹುಟ್ಟಿಸುವ ಸುಳ್ಳು ವಿಸರಣೆ ಸುಮಾರು 5×10⁻⁵. ನಿಜವಾದದ್ದಕ್ಕಿಂತ ಐವತ್ತು ಸಾವಿರ ಪಟ್ಟು! ಇಂಥಲ್ಲಿ ‘ಬೆರಕೆ ಚೆನ್ನಾಗಿ ಆಗಿದೆ’ ಎಂದು ತೋರಿಸುವ ಚಿತ್ರ ತೋರಿಸುತ್ತಿರುವುದು ಮೆಶ್ಶನ್ನು, ಮಿಕ್ಸರನ್ನಲ್ಲ. ಸೆಕೆಂಡ್ ಆರ್ಡರ್‌ಗಿಂತ ಕೆಳಗೆ ಇಳಿಯಬೇಡಿ, ಮೆಶ್ ಅರ್ಧಕ್ಕಿಳಿಸಿ ಮತ್ತೆ ನೋಡಿ.

ಉರಿ ಇದ್ದರೆ

ಮೀಥೇನ್ ಉರಿಯುವುದನ್ನು ಪೂರ್ತಿ ವಿವರದಲ್ಲಿ ಹೇಳುವ ಜಿಆರ್‌ಐ-ಮೆಕ್ 3.0ರಲ್ಲಿ 53 ಘಟಕಗಳು, 325 ಕ್ರಿಯೆಗಳು. ಪ್ರತಿ ಸೆಲ್‌ನಲ್ಲಿ 52 ಹೆಚ್ಚುವರಿ ಸಮೀಕರಣ ಹೊರುವ ಶಕ್ತಿ ಎಲ್ಲರ ಕಂಪ್ಯೂಟರಿಗೂ ಇರುವುದಿಲ್ಲ. ಪರ್ಯಾಯ ಮಿಕ್ಸ್ಚರ್ ಫ್ರ್ಯಾಕ್ಷನ್. ಈ ಬಿಂದುವಿನಲ್ಲಿರುವ ದ್ರವ್ಯದಲ್ಲಿ ಇಂಧನದ ಕಡೆಯಿಂದ ಬಂದದ್ದು ಎಷ್ಟು ಪಾಲು ಎಂಬ ಒಂದೇ ಅಂಕಿಯನ್ನು ಹಿಂಬಾಲಿಸಿ, ಉಳಿದ ಘಟಕಗಳನ್ನು ಮೊದಲೇ ಮಾಡಿಟ್ಟ ಟೇಬಲ್‌ನಿಂದ ಓದಿಕೊಳ್ಳುವುದು. ಇಂಧನ ಮತ್ತು ಗಾಳಿ ಬೇರೆ ಬೇರೆ ದಾರಿಯಿಂದ ಬರುವ ಟರ್ಬ್ಯುಲೆಂಟ್ ಜ್ವಾಲೆಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಎಲ್ಲ ಘಟಕಗಳೂ ಸಮನಾಗಿ ಹರಡುತ್ತವೆ ಎಂಬ ಊಹೆ ಇದರ ಬುಡದಲ್ಲಿದೆ. ಹೈಡ್ರೋಜನ್ ಹೆಚ್ಚಿರುವ ಇಂಧನಕ್ಕೆ ಆ ಊಹೆಯೇ ಕುಸಿಯುತ್ತದೆ. ಮನೆಯ ಒಲೆಯ ಬರ್ನರ್‌ನಲ್ಲಿ ಗಾಳಿ ಮೊದಲೇ ಅರ್ಧಂಬರ್ಧ ಬೆರೆತು ಬರುವುದರಿಂದ, ಅಲ್ಲಿ ಭಾಗಶಃ ಪ್ರೀಮಿಕ್ಸ್ಡ್ ಮಾಡೆಲ್ ಅಥವಾ ಕೆಲವೇ ಕ್ರಿಯೆಗಳ ಕಿರು ಮೆಕ್ಯಾನಿಸಂ ಜೊತೆಗೆ ಸ್ಪೀಷೀಸ್ ಟ್ರಾನ್ಸ್‌ಪೋರ್ಟ್ ಸರಿ.

ಸಾಫ್ಟ್‌ವೇರ್ ಯಾವುದು

ಫ್ಲುಯೆಂಟ್‌ನ ದೊಡ್ಡ ಅನುಕೂಲ ರೆಡಿ ಮಿಶ್ರಣಗಳ ಪಟ್ಟಿ. ಮೀಥೇನ್-ಗಾಳಿ ಆರಿಸಿದರೆ ಘಟಕಗಳು, ಗುಣಗಳು ಎಲ್ಲ ಬಂದು ಕೂರುತ್ತವೆ. ಅದೇ ಅದರ ಅಪಾಯವೂ ಹೌದು, ಡೀಫಾಲ್ಟ್‌ಗಳನ್ನು ತೆರೆದು ನೋಡದೆ ಮುಂದೆ ಹೋಗುವುದು ತೀರಾ ಸುಲಭ. ವಿದ್ಯಾರ್ಥಿ ಆವೃತ್ತಿ ಉಚಿತ, ಸೆಲ್ ಸಂಖ್ಯೆಗೆ ಮಿತಿ ಇದೆ. ಕಲಿಯುವ ಕೇಸ್‌ಗಳಿಗೆ ಅದು ಸಾಕು.

ಓಪನ್‌ಫೋಮ್‌ನಲ್ಲಿ ಪ್ರತಿ ಸಮೀಕರಣವನ್ನೂ ತೆರೆದು ಓದಬಹುದು. ಮಿಶ್ರಣಗಳ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಭರವಸೆ ಬೇರಿಲ್ಲ. ಆದರೆ ಅದಕ್ಕೆ ಎರಡು ಕವಲುಗಳಿವೆ ಎಂಬುದು ನೆನಪಿರಲಿ. ಫೌಂಡೇಷನ್ ಕವಲಿನ ಇತ್ತೀಚಿನ ಆವೃತ್ತಿಗಳಲ್ಲಿ ಫಿಕ್ ಮತ್ತು ಮ್ಯಾಕ್ಸ್‌ವೆಲ್-ಸ್ಟೀಫನ್ ಎರಡೂ ಸಿಗುತ್ತವೆ. 2023ರ 11ನೇ ಆವೃತ್ತಿಯಿಂದ ಸಾಲ್ವರ್‌ಗಳೇ ಮಾಡ್ಯೂಲ್‌ಗಳಾಗಿ ಬದಲಾಗಿ, ರಿಯಾಕ್ಟಿಂಗ್‌ಫೋಮ್‌ನ ಕೆಲಸವನ್ನು ಮಲ್ಟಿಕಾಂಪೊನೆಂಟ್‌ಫ್ಲೂಯಿಡ್ ಮಾಡುತ್ತದೆ. ಒಂದು ಕವಲಿನ ಟ್ಯುಟೋರಿಯಲ್ ಇನ್ನೊಂದರಲ್ಲಿ ಓಡದಿದ್ದರೆ ಕಾರಣ ಇದೇ. ಮೊದಲ ಸಲ ಕಲಿಯುವವರಿಗೆ ಐಐಟಿ ಬಾಂಬೆಯ ಫಾಸೀ ಯೋಜನೆಯ ಉಚಿತ ಸಾಮಗ್ರಿ ಒಳ್ಳೆಯ ಆರಂಭ.

ಮೈಕ್ರೋಚಾನೆಲ್, ಬ್ಯಾಟರಿ, ಮೆಂಬ್ರೇನ್ ಮಾಡುವವರು ಕಾಮ್ಸಾಲ್ ನೋಡಿ. ಅದು ಆಯ್ಕೆಯನ್ನು ಹೆಸರಿನಲ್ಲೇ ಬಿಡಿಸಿಟ್ಟಿದೆ: ಡೈಲ್ಯೂಟೆಡ್ ಸ್ಪೀಷೀಸ್, ಕಾನ್ಸಂಟ್ರೇಟೆಡ್ ಸ್ಪೀಷೀಸ್. ಕರಗಿದ ಘಟಕಗಳು ಮೋಲ್ ಲೆಕ್ಕದಲ್ಲಿ ಶೇ 10ಕ್ಕಿಂತ ಕಡಿಮೆ ಇದ್ದರೆ ಮೊದಲನೆಯದು, ಇಲ್ಲವಾದರೆ ಎರಡನೆಯದು. ಕೋಣೆಯೊಳಗಿನ ಅನಿಲ ಸೋರಿಕೆ, ಹೊಗೆ, ಬೆಂಕಿ ನಿಮ್ಮ ವಿಷಯವಾದರೆ ಅಮೆರಿಕದ ಎನ್‌ಐಎಸ್‌ಟಿ 2000ದಿಂದ ಉಚಿತವಾಗಿ ಕೊಡುತ್ತಿರುವ ಎಫ್‌ಡಿಎಸ್ ಸಾಕಾಗುತ್ತದೆ. ಗಾಳಿಯ ಘಟಕಗಳನ್ನೆಲ್ಲ ಒಂದೇ ಕಟ್ಟಾಗಿ ಹಿಂಬಾಲಿಸಿ ಅದು ಲೆಕ್ಕ ಉಳಿಸುತ್ತದೆ. ಬಾಗಿದ ಗೋಡೆ, ಸಂಕೀರ್ಣ ಆಕಾರ ಅದಕ್ಕೆ ಒಗ್ಗುವುದಿಲ್ಲ, ಮೆಶ್ ಚೌಕಾಕಾರದ್ದು.

ಯಾವುದನ್ನೇ ಆರಿಸಿದರೂ ಪಕ್ಕದಲ್ಲಿ ಕ್ಯಾಂಟೆರಾ ಇಟ್ಟುಕೊಳ್ಳಿ. ಉಚಿತ, ಪೈಥಾನ್‌ನಲ್ಲಿ ಕೆಲವೇ ಸಾಲು. ಮಿಶ್ರಣದ ಸಾಂದ್ರತೆ, ಸ್ನಿಗ್ಧತೆ, ವಿಸರಣೆ ಗುಣಾಂಕಗಳನ್ನು ಅಲ್ಲಿ ಲೆಕ್ಕಹಾಕಿ, ನಿಮ್ಮ ಸಿಎಫ್‌ಡಿಯ ಇನ್‌ಲೆಟ್ ಸೆಲ್‌ನ ಅಂಕಿಗಳೊಂದಿಗೆ ತಾಳೆ ನೋಡಿ. ಅಂಕಿಗಳು ಹೊಂದದಿದ್ದರೆ ರನ್ ಮುಂದುವರಿಸಬೇಡಿ.

ರನ್ ಮುಗಿದ ಮೇಲೆ ಪ್ರತಿ ಘಟಕದ ಲೆಕ್ಕ ಬೇರೆ ಬೇರೆಯಾಗಿ ತೆಗೆಯಿರಿ. ಒಳಗೆ ಸೆಕೆಂಡಿಗೆ ಎಷ್ಟು ಗ್ರಾಂ ಬಂತು, ಹೊರಗೆ ಎಷ್ಟು ಹೋಯಿತು, ಕ್ರಿಯೆಯಲ್ಲಿ ಎಷ್ಟು ಖರ್ಚಾಯಿತು. ಒಟ್ಟು ದ್ರವ್ಯರಾಶಿ ಸರಿಹೊಂದಿದರೆ ಸಾಲದು, ಒಂದು ಘಟಕದ ಕೊರತೆಯನ್ನು ಇನ್ನೊಂದರ ಹೆಚ್ಚಳ ಮುಚ್ಚಿಹಾಕಿರಬಹುದು. ನಿಮಗೆ ಮುಖ್ಯವಾದ ಘಟಕ ಶೇ 0.1 ಮಾತ್ರ ಇದ್ದರೆ ತಾಳೆ ಅದರ ಪಾಲಿಗೇ ಸೂಕ್ಷ್ಮವಾಗಿ ಆಗಬೇಕು. ರೆಸಿಡ್ಯುಯಲ್‌ನ ಮಿತಿಯನ್ನು ಆ ಘಟಕದ ಸಮೀಕರಣಕ್ಕೆ ಮಾತ್ರ ಇನ್ನೂ ಒಂದೆರಡು ಹಂತ ಕೆಳಗಿಳಿಸಿ, ಔಟ್‌ಲೆಟ್‌ನಲ್ಲಿ ಅದರ ಸರಾಸರಿ ಪಾಲಿನ ಗ್ರಾಫ್ ಸಮತಟ್ಟಾಗುವವರೆಗೆ ಓಡಿಸಿ.